ಮಿಹಾಯ್ಲ್ ಕೊಗಲ್ನಿಚಾನು: ಇತಿಹಾಸಕಾರ, ಮಂತ್ರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಕೊಗಲ್ನಿಚಾನು ಯಾರು?

19ನೇ ಶತಮಾನದ ರೊಮೇನಿಯಾದ ಇತಿಹಾಸಕಾರ, ಪತ್ರಕರ್ತ, ವಕೀಲ, ಮಂತ್ರಿ. 1817ರಲ್ಲಿ ಮೊಲ್ದಾವಿಯಾದ ರಾಜಧಾನಿ ಯಾಶ್ ನಗರದಲ್ಲಿ ಹುಟ್ಟಿ, 1891ರಲ್ಲಿ ಪ್ಯಾರಿಸ್ಸಿನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ಮೊಲ್ದಾವಿಯಾದ ಹಳೆಯ ವೃತ್ತಾಂತಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸಿದವರು ಇವರೇ. ರೈತರಿಗೆ ಭೂಮಿ ಕೊಡುವ ಕಾನೂನು ತಂದವರೂ, 1877ರಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು ದೇಶ ಸ್ವತಂತ್ರ ಎಂದು ಘೋಷಿಸಿದವರೂ ಇವರೇ.

ಇತಿಹಾಸಕಾರ ಮಂತ್ರಿ ಎಂದರೆ ನಿಕೊಲಾಯೆ ಯೋರ್ಗಾ ಅಲ್ಲವೇ?

ಯೋರ್ಗಾ ಬೇರೆ ವ್ಯಕ್ತಿ, ಬೇರೆ ಕಾಲದವರು. ಅವರು 1871ರಲ್ಲಿ ಬೊತೊಶಾನ್‌ನಲ್ಲಿ ಹುಟ್ಟಿದರು, 1931–32ರಲ್ಲಿ ಸುಮಾರು ಒಂದು ವರ್ಷ ಪ್ರಧಾನಿಯಾಗಿದ್ದರು, 1940ರ ನವೆಂಬರಿನಲ್ಲಿ ಐರನ್ ಗಾರ್ಡ್ ಎಂಬ ಉಗ್ರ ಬಲಪಂಥೀಯ ಸಂಘಟನೆಯವರ ಗುಂಡಿಗೆ ಬಲಿಯಾದರು. ವಿದ್ವತ್ತಿನ ಹರಹಿನಲ್ಲಿ ಯೋರ್ಗಾ ದೊಡ್ಡವರು. ಆಡಳಿತಗಾರರಾಗಿ ಕೊಗಲ್ನಿಚಾನು ಬಿಟ್ಟುಹೋದ ಕೆಲಸದ ಮುಂದೆ ಯೋರ್ಗಾ ಸರ್ಕಾರದ್ದು ತೀರ ತೆಳು.

ಒಂದೇ ಘಟನೆಗೆ ಎರಡು ದಿನಾಂಕ ಯಾಕೆ ಕಾಣುತ್ತದೆ?

ರೊಮೇನಿಯಾ 1919ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಬಳಸುತ್ತಿತ್ತು. 19ನೇ ಶತಮಾನದ ದಿನಾಂಕಕ್ಕೆ 12 ಕೂಡಿಸಿದರೆ ಇಂದಿನ ಲೆಕ್ಕ ಬರುತ್ತದೆ. ಸ್ವಾತಂತ್ರ್ಯ ಘೋಷಣೆ ಅಲ್ಲಿನ ದಾಖಲೆಯಲ್ಲಿ 1877ರ ಮೇ 9, ಪಶ್ಚಿಮ ಯುರೋಪಿನ ಪತ್ರಿಕೆಗಳಲ್ಲಿ ಮೇ 21. ಕಾಲಾನುಕ್ರಮಣಿಕೆ ಬರೆಯುವವರು ಒಂದು ಪುಸ್ತಕದಿಂದ ಹಳೆಯ ದಿನಾಂಕ, ಇನ್ನೊಂದರಿಂದ ಹೊಸದು ಎತ್ತಿಕೊಂಡರೆ ರಾಜೀನಾಮೆ ಕೊಟ್ಟ ಮಂತ್ರಿ ಮರುದಿನ ಸಹಿ ಹಾಕಿದಂತೆ ಕಾಣುತ್ತದೆ. ಕೆಳಗೆ ದೇಶದೊಳಗಿನ ಘಟನೆಗಳಿಗೆ ಹಳೆಯ ದಿನಾಂಕವನ್ನೇ ಕೊಟ್ಟಿದ್ದೇವೆ. ರಷ್ಯಾ–ಆಟೊಮನ್ ಯುದ್ಧದ ನಂತರ ಯುರೋಪಿನ ಮಹಾಶಕ್ತಿಗಳು ಸೇರಿದ 1878ರ ಬರ್ಲಿನ್ ಸಮ್ಮೇಳನಕ್ಕೆ ಮಾತ್ರ ಹೊಸದು.

ಅವರು ಹುಟ್ಟಿದಾಗ ರೊಮೇನಿಯಾ ಎಂಬ ದೇಶ ಇತ್ತೇ?

ಇರಲಿಲ್ಲ. ಮೊಲ್ದಾವಿಯಾ, ವಲಾಕಿಯಾ ಎಂಬ ಎರಡು ಸಂಸ್ಥಾನಗಳಿದ್ದವು. ಎರಡೂ ಆಟೊಮನ್ ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದವು. 1829ರ ನಂತರ ರಷ್ಯಾ ‘ರಕ್ಷಕ’ನಾಗಿ ಬಂದು ಕೂತಿತು. ಅರಸನನ್ನು ಇಟ್ಟುಕೊಳ್ಳುವುದು, ತೆಗೆಯುವುದು ಎರಡೂ ಹೊರಗಿನವರ ಮರ್ಜಿ. ಒಳಗೆ ಭೂಮಿಯ ಬಹುಪಾಲು ಬೊಯಾರ್ ಎಂಬ ಜಮೀನ್ದಾರರ ಮತ್ತು ಮಠಗಳ ಕೈಯಲ್ಲಿತ್ತು. ರೈತ ತಾನು ಉಳುವ ತುಂಡು ನೆಲಕ್ಕಾಗಿ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಜಿಪ್ಸಿಗಳೆಂದು ಕರೆಯುತ್ತಿದ್ದ ರೊಮಾ ಜನರನ್ನಂತೂ ಗುಲಾಮರೆಂದು ಕೊಳ್ಳುತ್ತಿದ್ದರು, ಮಾರುತ್ತಿದ್ದರು.

ಓದು ಎಲ್ಲಿ?

ತಂದೆ ಇಲಿಯೆ ಬೊಯಾರ್ ವರ್ಗದವರು. ಮೊದಲ ಪಾಠ ಮರಮುರೆಶ್ ಕಡೆಯಿಂದ ಬಂದಿದ್ದ ಗೆರ್ಮಾನ್ ವಿದಾ ಎಂಬ ಸನ್ಯಾಸಿಯಿಂದ. ಆಮೇಲೆ ಯಾಶ್‌ನ ಫ್ರೆಂಚ್ ಪಾಠಶಾಲೆಯಲ್ಲಿ, ಮುಂದೆ ಕವಿಯಾದ ವಸಿಲೆ ಅಲೆಕ್ಸಾಂದ್ರಿ ಜೊತೆಗೆ. 1834ರಲ್ಲಿ ಅರಸ ಮಿಹಾಯ್ಲ್ ಸ್ತುರ್ಜಾ ತನ್ನ ಮಕ್ಕಳನ್ನು ಫ್ರಾನ್ಸಿನ ಲ್ಯೂನೆವಿಲ್‌ಗೆ ಓದಲು ಕಳಿಸಿದಾಗ ಇವರೂ ಜೊತೆಗೆ ಹೋದರು. ಫ್ರಾನ್ಸಿನ ಉದಾರವಾದದ ಗಾಳಿ ಈ ಹುಡುಗರಿಗೆ ತಾಗುವುದು ರಷ್ಯಾಕ್ಕೆ ಬೇಕಿರಲಿಲ್ಲ. ಮರುವರ್ಷವೇ ಎಲ್ಲರನ್ನೂ ಬರ್ಲಿನ್‌ಗೆ ಸಾಗಿಸಿದರು. ಅದು ಕೊಗಲ್ನಿಚಾನುಗೆ ಒಳ್ಳೆಯದೇ ಆಯಿತು. ಬರ್ಲಿನ್ನಿನಲ್ಲಿ ಆಗ ಇತಿಹಾಸಕ್ಕೆ ರಾಂಕೆ, ಕಾನೂನಿಗೆ ಸವಿನಿ ಮತ್ತು ಗಾನ್ಸ್ ಇದ್ದರು. ದಂತಕಥೆ ಬಿಟ್ಟು ಮೂಲ ದಾಖಲೆ ಹಿಡಿ ಎಂಬ ಶಿಸ್ತು ಅವರಿಗೆ ಅಲ್ಲಿಯೇ ಅಂಟಿತು.

ಇತಿಹಾಸಕಾರರಾಗಿ ಅವರು ಮಾಡಿದ್ದೇನು?

1837ರಲ್ಲಿ, ಇಪ್ಪತ್ತನ್ನು ಮುಟ್ಟುವ ಹೊತ್ತಿಗೆ, ಬರ್ಲಿನ್ನಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಎರಡು ಕೃತಿ ಹೊರತಂದರು. ಒಂದು ವಲಾಕಿಯಾ, ಮೊಲ್ದಾವಿಯಾಗಳ ಇತಿಹಾಸ. ಅದರ ಮೊದಲ ಸಂಪುಟ ಮಾತ್ರ ಬಂತು. ಇನ್ನೊಂದು ರೊಮಾ ಜನರ ಇತಿಹಾಸ, ನಡೆನುಡಿ, ಭಾಷೆಗಳ ಬಗೆಗಿನ ಚಿಕ್ಕ ಪುಸ್ತಕ. ಗುಲಾಮಗಿರಿಯನ್ನು ಅದರಲ್ಲಿ ನೇರವಾಗಿ ಖಂಡಿಸಿದ್ದಾರೆ. ಗುಲಾಮರನ್ನು ಇಟ್ಟುಕೊಳ್ಳುವುದು ಸಾಮಾನ್ಯವಾಗಿದ್ದ ವರ್ಗದಲ್ಲಿ ಹುಟ್ಟಿದ ಹುಡುಗ ಹೀಗೆ ಬರೆದದ್ದು ಸಣ್ಣ ಮಾತಲ್ಲ.

ಆದರೆ ನಿಜವಾದ ದೊಡ್ಡ ಕೆಲಸ ವೃತ್ತಾಂತಗಳ ಸಂಪಾದನೆ. ಗ್ರಿಗೊರೆ ಉರೆಕೆ, ಮಿರೊನ್ ಕೊಸ್ತಿನ್, ಇಯೊನ್ ನೆಕುಲ್ಚೆ ಮೊದಲಾದವರು 17–18ನೇ ಶತಮಾನದಲ್ಲಿ ಬರೆದ ಮೊಲ್ದಾವಿಯಾದ ಚರಿತ್ರೆಗಳು ಕೈಬರಹದ ಪ್ರತಿಗಳಲ್ಲೇ ಹರಿದಾಡುತ್ತಿದ್ದವು. ನಕಲು ಮಾಡಿದವರೆಲ್ಲ ಅಷ್ಟಿಷ್ಟು ಸೇರಿಸಿದ್ದರು. ಕೊಗಲ್ನಿಚಾನು ಇವನ್ನು ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಗ್ರಂಥಾಲಯದಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ: ಸಂಪುಟಗಳು ಸಂಖ್ಯೆಯ ಕ್ರಮದಲ್ಲಿ ಬರಲಿಲ್ಲ. ಎರಡನೆಯದು 1845ರಲ್ಲಿ, ಮೂರನೆಯದು 1846ರಲ್ಲಿ, ಮೊದಲನೆಯದು 1852ರಲ್ಲಿ. ಇವು ಸಿರಿಲಿಕ್ ಕಾಲದ ಅಚ್ಚು. ರೊಮೇನಿಯನ್ ಭಾಷೆ ಲ್ಯಾಟಿನ್ ಲಿಪಿಗೆ ಪೂರ್ತಿ ಹೊರಳಿದ್ದು 1860ರ ಆಸುಪಾಸಿನಲ್ಲಿ. ಹಾಗಾಗಿ ಇಂದಿನ ರೊಮೇನಿಯನ್ ಕಲಿತವರಿಗೂ ಈ ಪುಟಗಳು ಸಲೀಸಾಗಿ ಓದಲು ಬರುವುದಿಲ್ಲ. 1870ರ ದಶಕದಲ್ಲಿ ಬುಕರೆಸ್ಟಿನಲ್ಲಿ ಬಂದ ಎರಡನೇ ಆವೃತ್ತಿ ಹಿಡಿದರೆ ತೊಂದರೆ ಕಡಿಮೆ.

1843ರ ಭಾಷಣವನ್ನು ಎಲ್ಲರೂ ಉದ್ಧರಿಸುವುದೇಕೆ?

ಆ ವರ್ಷ ನವೆಂಬರ್ 24ರಂದು ಯಾಶ್‌ನ ಮಿಹಾಯ್ಲಿಯಾನಾ ಅಕಾಡೆಮಿಯಲ್ಲಿ ರಾಷ್ಟ್ರೀಯ ಇತಿಹಾಸದ ಪಾಠ ಶುರುಮಾಡುತ್ತ ಅವರು ಎರಡು ಮಾತು ಹೇಳಿದರು. ರೊಮೇನಿಯನ್ ಮಾತಾಡುವ ಅಷ್ಟೂ ನೆಲ ತನ್ನ ನಾಡು ಎಂಬುದು ಒಂದು. ಮೂರು ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದ್ದ ಜನರ ಮುಂದೆ ಅದು ರಾಜಕೀಯ ಘೋಷಣೆಯೇ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ: ನಾವು ಅಪ್ಪಟ ರೋಮನ್ನರು ಎಂದು ಎದೆ ತಟ್ಟಿಕೊಳ್ಳುವ ಹುಚ್ಚು ಬೇಡ, ಹೊರಗಿನವರು ನಗುತ್ತಾರೆ. ಟ್ರಾನ್ಸಿಲ್ವೇನಿಯಾದ ಲ್ಯಾಟಿನ್‌ವಾದಿಗಳಿಗೆ ಅದು ನೇರವಾಗಿ ತಾಗಿತು. ಸ್ತುರ್ಜಾ ಸರ್ಕಾರಕ್ಕೆ ಇಷ್ಟವಾಗದ್ದು ಮೊದಲ ಮಾತು. ಪಾಠ ಹೆಚ್ಚು ಕಾಲ ನಡೆಯಲಿಲ್ಲ. 1844ರಲ್ಲಿ ಅವರನ್ನು ಸ್ವಲ್ಪ ಕಾಲ ರುಷ್ಕಾ ಮಠದಲ್ಲಿ ಕೂಡಿ ಹಾಕಿದ್ದೂ ಉಂಟು.

ಪತ್ರಿಕೆ, ನಾಟಕ, ಅಡುಗೆ ಪುಸ್ತಕ – ಇವೆಲ್ಲ ಒಬ್ಬರೇ ಮಾಡಿದ್ದೇ?

ಹೌದು. 1840ರಲ್ಲಿ ‘ದಾಚಿಯಾ ಲಿತೆರಾರಾ’ ಎಂಬ ಪತ್ರಿಕೆ ತೆಗೆದರು. ಅನುವಾದಗಳಿಂದ ಸಾಹಿತ್ಯ ಹುಟ್ಟುವುದಿಲ್ಲ, ನಮ್ಮ ಚರಿತ್ರೆ, ನಮ್ಮ ನಾಡು, ನಮ್ಮ ಆಚಾರಗಳಿಂದ ಬರೆಯಿರಿ ಎಂಬುದು ಅದರ ಮುನ್ನುಡಿಯ ಸಾರ. ಮೂರು ಸಂಚಿಕೆ ಬರುವಷ್ಟರಲ್ಲಿ ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಲೆಕ್ಸಾಂದ್ರಿ ಮತ್ತು ಕಥೆಗಾರ ಕೊಸ್ತಾಕೆ ನೆಗ್ರುತ್ಸಿ ಜೊತೆ ಯಾಶ್‌ನ ರಂಗಮಂದಿರದ ಆಡಳಿತ ವಹಿಸಿಕೊಂಡರು. 1841ರಲ್ಲಿ ನೆಗ್ರುತ್ಸಿ ಮತ್ತು ಇವರು ಸೇರಿ ‘ಪರೀಕ್ಷಿಸಿ ನೋಡಿದ’ 200 ಅಡುಗೆ, ಸಿಹಿತಿಂಡಿ, ಮನೆವಾರ್ತೆ ವಿಧಾನಗಳ ಪುಸ್ತಕ ಪ್ರಕಟಿಸಿದರು. ಚರಿತ್ರೆ ಬರೆದರೆ ನಿಷೇಧ, ಪತ್ರಿಕೆ ತೆಗೆದರೆ ನಿಷೇಧ. ಅಡುಗೆ ಪುಸ್ತಕಕ್ಕೆ ಮಾತ್ರ ಯಾರೂ ತಕರಾರು ಮಾಡಲಿಲ್ಲ.

ರೊಮಾ ಗುಲಾಮರ ಬಿಡುಗಡೆ ಅವರಿಂದಲೇ ಆಯಿತೇ?

ಅವರೊಬ್ಬರಿಂದ ಅಲ್ಲ, ಒಂದೇ ಏಟಿಗೂ ಅಲ್ಲ. ಮೊಲ್ದಾವಿಯಾದಲ್ಲಿ 1844ರಲ್ಲೇ ಮಠಗಳ ಮತ್ತು ಸರ್ಕಾರದ ಒಡೆತನದಲ್ಲಿದ್ದವರ ಬಿಡುಗಡೆಗೆ ಕಾನೂನು ಬಂದಿತ್ತು. ಖಾಸಗಿ ಒಡೆಯರ ಕೈಯಲ್ಲಿದ್ದವರು ಉಳಿದಿದ್ದರು. 1848ರಲ್ಲಿ ಅರಸನ ಆಡಳಿತದ ವಿರುದ್ಧ ಎದ್ದ ದಂಗೆ ಅಡಗಿದ ಮೇಲೆ ಆಸ್ಟ್ರಿಯಾ ಆಳ್ವಿಕೆಯ ಬುಕೊವಿನಾಕ್ಕೆ ತಪ್ಪಿಸಿಕೊಂಡು ಹೋದ ಕೊಗಲ್ನಿಚಾನು, ಚೆರ್ನೊವಿತ್ಸ್ ಪಟ್ಟಣದಲ್ಲಿ ಪ್ರಕಟಿಸಿದ ಬೇಡಿಕೆಗಳಲ್ಲಿ ಇದನ್ನೂ ಸೇರಿಸಿದರು. ಕೊನೆಗೆ 1855ರ ಡಿಸೆಂಬರಿನಲ್ಲಿ ಅರಸ ಗ್ರಿಗೊರೆ ಅಲೆಕ್ಸಾಂದ್ರು ಗಿಕಾ ಕಾನೂನು ತಂದಾಗ ಅದರ ಕರಡಿನಲ್ಲಿ ಇವರ ಕೈ ಇತ್ತು. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ನೆಲವೂ ಇಲ್ಲ, ಹಣವೂ ಇಲ್ಲ. ವಲಾಕಿಯಾದಲ್ಲಿ ಇಂಥದ್ದೇ ಕಾನೂನು 1856ರ ಫೆಬ್ರವರಿಯಲ್ಲಿ ಬಂತು.

ಸಾಯುವ ಕೆಲವೇ ತಿಂಗಳ ಮೊದಲು, 1891ರ ಏಪ್ರಿಲ್ 1ರಂದು, ರೊಮೇನಿಯನ್ ಅಕಾಡೆಮಿಯಲ್ಲಿ ಮಾಡಿದ ಭಾಷಣದಲ್ಲಿ ತಮ್ಮ ಎಳವೆಯ ಯಾಶ್ ಬೀದಿಗಳನ್ನು ನೆನೆದರು: ಕೈಕಾಲಿಗೆ ಸರಪಳಿ ಬಿಗಿದ ಮನುಷ್ಯರು, ಕೆಲವರ ಹಣೆಗೆ ಕಬ್ಬಿಣದ ಪಟ್ಟಿ. ರೊಮಾ ಗುಲಾಮಗಿರಿಯ ಬಗ್ಗೆ ಬರೆಯುವವರೆಲ್ಲ ಇಂದಿಗೂ ಈ ಸಾಕ್ಷ್ಯಕ್ಕೇ ಬರುತ್ತಾರೆ.

ಎರಡು ಸಂಸ್ಥಾನಗಳು ಒಂದಾದದ್ದರಲ್ಲಿ ಅವರ ಪಾತ್ರವೇನು?

1855ರ ಅಕ್ಟೋಬರಿನಲ್ಲಿ ‘ಡ್ಯಾನ್ಯೂಬಿನ ತಾರೆ’ ಎಂಬ ಅರ್ಥದ ಪತ್ರಿಕೆ ಶುರುಮಾಡಿ ಒಕ್ಕೂಟದ ಪರ ನಿಂತರು. ಕ್ರಿಮಿಯಾ ಯುದ್ಧ ಮುಗಿದು ಪ್ಯಾರಿಸ್ ಒಪ್ಪಂದವಾದ ಮೇಲೆ ಜನರ ಅಭಿಪ್ರಾಯ ಕೇಳಲು ತಾತ್ಕಾಲಿಕ ಸಭೆಗಳನ್ನು ಕರೆಯಲಾಯಿತು. ಮೊಲ್ದಾವಿಯಾದ ಮೊದಲ ಚುನಾವಣೆಯಲ್ಲಿ ಹಂಗಾಮಿ ಆಡಳಿತಗಾರ ವೊಗೊರಿದೆ ಎಷ್ಟು ಮೋಸ ಮಾಡಿದನೆಂದರೆ ಇಡೀ ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಮರುಚುನಾವಣೆಯ ಸಭೆಯಲ್ಲಿ, 1857ರ ಅಕ್ಟೋಬರ್ 7ರಂದು, ಒಕ್ಕೂಟದ ನಿರ್ಣಯ ಮಂಡಿಸಿದವರು ಕೊಗಲ್ನಿಚಾನು. ಪರ 81, ವಿರುದ್ಧ 2.

ಯುರೋಪಿನ ಮಹಾಶಕ್ತಿಗಳು ಎರಡೂ ಕಡೆ ಬೇರೆಬೇರೆ ಅರಸರಿರಲಿ ಎಂದವು. ಒಬ್ಬನನ್ನೇ ಎರಡೂ ಕಡೆ ಆರಿಸಬಾರದು ಎಂದು ಎಲ್ಲೂ ಬರೆದಿರಲಿಲ್ಲ. 1859ರ ಜನವರಿ 5ರಂದು ಯಾಶ್, ಜನವರಿ 24ರಂದು ಬುಕರೆಸ್ಟ್ – ಎರಡೂ ಅಲೆಕ್ಸಾಂದ್ರು ಇಯೊನ್ ಕುಜಾನನ್ನೇ ಆರಿಸಿದವು. ‘ಹೊಸ ಕಾನೂನಿಗೆ ಹೊಸ ಮನುಷ್ಯ’ ಎಂಬ ಮಾತಿನೊಂದಿಗೆ ಯಾಶ್‌ನಲ್ಲಿ ಕುಜಾನನ್ನು ಸ್ವಾಗತಿಸಿದ ಭಾಷಣ ಇವರದು.

ಅವರು ಯಾವಾಗ, ಯಾವ ಹುದ್ದೆಯಲ್ಲಿದ್ದರು?

1860ರ ಏಪ್ರಿಲಿನಿಂದ 1861ರ ಜನವರಿವರೆಗೆ ಮೊಲ್ದಾವಿಯಾದ ಸರ್ಕಾರದ ಮುಖ್ಯಸ್ಥರು. ಆಗ ಆಡಳಿತ ಇನ್ನೂ ಒಂದಾಗಿರಲಿಲ್ಲ. ಯಾಶ್ ವಿಶ್ವವಿದ್ಯಾಲಯ ತೆರೆದದ್ದು ಇದೇ ಅವಧಿಯಲ್ಲಿ, 1860ರ ಅಕ್ಟೋಬರ್ 26ರಂದು. ಒಂದಾದ ದೇಶದ ಪ್ರಧಾನಿ, ಜೊತೆಗೆ ಒಳಾಡಳಿತ ಮಂತ್ರಿ: 1863ರ ಅಕ್ಟೋಬರ್ 11ರಿಂದ 1865ರ ಜನವರಿ 26ರವರೆಗೆ. ಮೊದಲ ಪ್ರಧಾನಿ ಇವರೇ ಎಂದು ಕೆಲವರು ಬರೆಯುತ್ತಾರೆ, ಅದು ತಪ್ಪು. ಆ ಸ್ಥಾನ 1862ರಲ್ಲಿ ಕೊಲೆಯಾದ ಬಾರ್ಬು ಕತಾರ್ಜು ಅವರದು. 1868ರ ನವೆಂಬರಿನಿಂದ 1870ರ ಜನವರಿವರೆಗೆ ಒಳಾಡಳಿತ. 1876ರಲ್ಲಿ ಕೆಲವು ತಿಂಗಳು, ಮತ್ತೆ 1877ರ ಏಪ್ರಿಲಿನಿಂದ 1878ರ ನವೆಂಬರಿನವರೆಗೆ ವಿದೇಶಾಂಗ. 1879–80ರಲ್ಲಿ ಮತ್ತೊಮ್ಮೆ ಒಳಾಡಳಿತ. ಆಮೇಲೆ ಪ್ಯಾರಿಸ್ಸಿನಲ್ಲಿ ರಾಯಭಾರಿ.

ಮಠಗಳ ಭೂಮಿ ವಶಪಡಿಸಿಕೊಂಡದ್ದು ಹೇಗೆ?

ದೇಶದ ಸುಮಾರು ಕಾಲು ಭಾಗ ನೆಲ ಮಠಗಳ ಕೈಯಲ್ಲಿತ್ತು. ಅದರಲ್ಲಿ ದೊಡ್ಡ ಪಾಲಿನ ಆದಾಯ ಆಥೋಸ್ ಪರ್ವತ, ಜೆರುಸಲೇಮ್, ಸಿನಾಯ್ ಮುಂತಾದ ಹೊರಗಿನ ಗ್ರೀಕ್ ಧರ್ಮಪೀಠಗಳಿಗೆ ಹೋಗುತ್ತಿತ್ತು. 1863ರ ಡಿಸೆಂಬರಿನ ಕಾನೂನಿನ ಜಾಣತನ ಇರುವುದು ಅದು ಗ್ರೀಕ್ ಮಠಗಳೆಂದು ಬೇರೆ ಮಾಡದೆ ಎಲ್ಲ ಮಠಗಳ ಆಸ್ತಿಯನ್ನೂ ಸರ್ಕಾರಕ್ಕೆ ಸೇರಿಸಿದ್ದರಲ್ಲಿ. ಪರದೇಶಿ ಪೀಠಗಳನ್ನಷ್ಟೇ ಗುರಿ ಮಾಡಿದರು ಎಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಪರಿಹಾರ ಕೊಡುತ್ತೇವೆಂದರು. ಗ್ರೀಕ್ ಧರ್ಮಗುರುಗಳು ಒಪ್ಪಲಿಲ್ಲ. ಕೊನೆಗೆ ಏನೂ ಕೊಡಬೇಕಾಗಿ ಬರಲಿಲ್ಲ.

1864ರ ಮೇ 2ರಂದು ನಡೆದದ್ದು ದಂಗೆಯೇ?

ಸಂವಿಧಾನದ ಲೆಕ್ಕದಲ್ಲಿ ಹೌದು. ಆಸ್ತಿಯಿದ್ದವರಿಗೆ ಮಾತ್ರ ಮತವಿದ್ದುದರಿಂದ ಸಭೆಯಲ್ಲಿ ಜಮೀನ್ದಾರರೇ ತುಂಬಿದ್ದರು. ಭೂಮಸೂದೆ ಮುಂದಿಟ್ಟ ಕೂಡಲೇ ಸರ್ಕಾರದ ಮೇಲೆ ಅವಿಶ್ವಾಸ ಸೂಚಿಸಿದರು. ಕುಜಾ ರಾಜೀನಾಮೆ ಸ್ವೀಕರಿಸಲಿಲ್ಲ. ಮೇ 2ರಂದು ಸಭೆ ಮತ್ತೆ ಸೇರಿದಾಗ, ಮೊದಲು ಮತದಾನದ ಹಕ್ಕು ವಿಸ್ತರಿಸುವ ಕಾನೂನು ಒಪ್ಪಿರಿ ಎಂದರು. ಒಪ್ಪಲಿಲ್ಲ. ಕೊಗಲ್ನಿಚಾನು ಸಭೆ ವಿಸರ್ಜಿಸುವ ಆಜ್ಞೆ ಓದಿದರು, ಸೈನಿಕರು ಬಂದು ಸಭಾಂಗಣ ಖಾಲಿ ಮಾಡಿಸಿದರು. ಆಮೇಲೆ ಜನಮತಗಣನೆ: ಪರ 6,82,621, ವಿರುದ್ಧ 1,307. ಗುಟ್ಟಿನ ಮತದಾನವಿಲ್ಲದ ಕಾಲದ ಅಂಕಿ ಇದು, ಜನಬೆಂಬಲದ ನಿಖರ ಅಳತೆ ಎಂದು ತೆಗೆದುಕೊಳ್ಳಬಾರದು. ಆದರೆ ಆ ಸಭೆಯಿಂದ ಭೂಸುಧಾರಣೆ ಎಂದೂ ಹೊರಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಭೂಕಾನೂನು ಯಾರಿಗೆ ಎಷ್ಟು ಕೊಟ್ಟಿತು?

1864ರ ಆಗಸ್ಟ್ 14ರ ಕಾನೂನು ರೈತನ ಕೊಟ್ಟಿಗೆ ನೋಡಿ ನೆಲ ಅಳೆಯಿತು. ನಾಲ್ಕು ಎತ್ತು, ಒಂದು ಹಸು ಇದ್ದವರು ಮೊದಲ ವರ್ಗ, ಎರಡು ಎತ್ತು, ಒಂದು ಹಸು ಇದ್ದವರು ಎರಡನೆಯದು, ಹಸು ಮಾತ್ರ ಇದ್ದವರು ಮೂರನೆಯದು. ಒಂದು ಜೋಡಿ ಎತ್ತಿಗೆ ಇಷ್ಟೇ ಉಳಲು ಸಾಧ್ಯ ಎಂಬ ಲೆಕ್ಕಾಚಾರ ಇದರ ಹಿಂದಿದೆ. ದನಕರುಗಳೇ ಇಲ್ಲದವರಿಗೆ ಮನೆ ಮತ್ತು ಹಿತ್ತಿಲು ಮಾತ್ರ.

ಅಳತೆ ಪ್ರದೇಶಕ್ಕೆ ತಕ್ಕಂತೆ ಬೇರೆ. ವಲಾಕಿಯಾದಲ್ಲಿ ಮೊದಲ ವರ್ಗಕ್ಕೆ 11 ಪೊಗೊನ್. ಒಂದು ಪೊಗೊನ್ ಸುಮಾರು ಅರ್ಧ ಹೆಕ್ಟೇರ್, ಹಾಗಾಗಿ ಹದಿಮೂರೂವರೆ ಎಕರೆ. ಎರಡನೆಯದಕ್ಕೆ ಒಂಬತ್ತೂವರೆ ಎಕರೆಯಷ್ಟು, ಮೂರನೆಯದಕ್ಕೆ ಆರು ಎಕರೆಗೂ ಕಡಿಮೆ. ಮೊಲ್ದಾವಿಯಾದ ಮಾನ ಫಾಲ್ಚೆ, ಸುಮಾರು 1.43 ಹೆಕ್ಟೇರ್. ಅಲ್ಲಿ ಮೊದಲ ವರ್ಗಕ್ಕೆ ಐದೂವರೆ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡೂವರೆ ಫಾಲ್ಚೆ. ಈ ಎರಡು ಮಾನಗಳನ್ನು ಒಂದೇ ಎಂದು ತಿಳಿದು ಲೆಕ್ಕ ಹಾಕಿದರೆ ಮೊಲ್ದಾವಿಯಾದ ರೈತನಿಗೆ ಅನ್ಯಾಯವಾದಂತೆ ಕಾಣುತ್ತದೆ. ವಾಸ್ತವದಲ್ಲಿ ಅವನ ಪಾಲೇ ದೊಡ್ಡದು.

ಒಡೆಯನ ನೆಲದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಕಾಡು ಈ ಲೆಕ್ಕದಿಂದ ಹೊರಗೆ. ಬಿಟ್ಟಿ ದುಡಿಮೆ ರದ್ದಾಯಿತು, ಅದು ಜಾರಿಗೆ ಬರುವ ದಿನ 1865ರ ಏಪ್ರಿಲ್ 23, ಸಂತ ಜಾರ್ಜ್ ಹಬ್ಬ. ಬದಲಿಗೆ ರೈತ 15 ವರ್ಷ ಕಂತು ಕಟ್ಟಬೇಕು, ಆ ಹಣದಿಂದ ಒಡೆಯರಿಗೆ ಪರಿಹಾರ. ಪಡೆದ ನೆಲವನ್ನು 30 ವರ್ಷ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕುಟುಂಬಗಳು ನೆಲ ಪಡೆದವು.

ಇಷ್ಟಾದ ಮೇಲೂ 1907ರಲ್ಲಿ ರೈತರು ದಂಗೆ ಎದ್ದದ್ದೇಕೆ?

ಕಾನೂನಿನಲ್ಲೇ ಬಿರುಕುಗಳಿದ್ದವು. ಹುಲ್ಲುಗಾವಲು, ಕಾಡು ಒಡೆಯರಿಗೇ ಉಳಿದವು. ಎತ್ತು ಮೇಯಿಸಲು, ಸೌದೆ ತರಲು ರೈತ ಮತ್ತೆ ಅದೇ ಒಡೆಯನ ಬಾಗಿಲಿಗೆ ಹೋಗಬೇಕಿತ್ತು. ನೆಲ ಅಳೆಯುವಾಗ ಕಲ್ಲು ನೆಲ, ದೂರದ ತುಂಡುಗಳನ್ನು ರೈತರ ಪಾಲಿಗೆ ತಳ್ಳಿದ ಕಡೆಗಳು ಬಹಳ. ಮಕ್ಕಳಲ್ಲಿ ಹಂಚಿಹೋಗುತ್ತ ಒಂದೇ ತಲೆಮಾರಿನಲ್ಲಿ ಹೊಲ ಬದುಕಿಗೆ ಸಾಲದಾಯಿತು. 1866ರಲ್ಲೇ ಬಂದ ಕೃಷಿ ಕರಾರುಗಳ ಕಾನೂನು, ಸಾಲಕ್ಕೆ ಬದಲಾಗಿ ದುಡಿಮೆ ಬರೆದುಕೊಡುವ ಪದ್ಧತಿಗೆ ಮುದ್ರೆ ಒತ್ತಿತು. ಬಿಟ್ಟಿ ದುಡಿಮೆ ಮುಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದ ಬಂತು.

ಇನ್ನೊಂದು ವಿಷಯಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಕಾನೂನು ಜಾರಿಗೆ ಬರುವ ಮೂರು ತಿಂಗಳ ಮೊದಲೇ ಕೊಗಲ್ನಿಚಾನು ಕುಜಾನೊಂದಿಗೆ ಮನಸ್ತಾಪವಾಗಿ ಅಧಿಕಾರ ಬಿಟ್ಟಿದ್ದರು. 1866ರ ಫೆಬ್ರವರಿಯಲ್ಲಿ ಕುಜಾನನ್ನೂ ಇಳಿಸಿದರು. ಕಾನೂನು ಬರೆದವರಿಲ್ಲದೆ, ಅದನ್ನು ವಿರೋಧಿಸಿದವರ ಕೈಯಲ್ಲೇ ಅದರ ಅನುಷ್ಠಾನ ನಡೆಯಿತು.

ಅದೇ ಸರ್ಕಾರದ ಬೇರೆ ಕೆಲಸಗಳು?

ಬುಕರೆಸ್ಟ್ ವಿಶ್ವವಿದ್ಯಾಲಯ, ಸಿವಿಲ್ ಕೋಡ್, ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದ ಕಾನೂನು – ಎಲ್ಲ 1864ರವು. ಶಾಲೆಯ ಕಡ್ಡಾಯ ಬಹುಕಾಲ ಕಾಗದದ ಮೇಲೇ ಇತ್ತು.

1877ರ ಸ್ವಾತಂತ್ರ್ಯ ಘೋಷಣೆ ಹೇಗೆ ನಡೆಯಿತು?

ಏಪ್ರಿಲ್ 3ರಂದು ವಿದೇಶಾಂಗ ಮಂತ್ರಿಯಾದರು. ಏಪ್ರಿಲ್ 4ರಂದು, ಆಟೊಮನ್ನರ ಮೇಲೆ ಯುದ್ಧಕ್ಕೆ ಹೊರಟಿದ್ದ ರಷ್ಯಾದ ಸೈನ್ಯ ದೇಶ ಹಾದುಹೋಗಲು ಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ರೊಮೇನಿಯಾದ ಗಡಿಗಳ ಅಖಂಡತೆ ಕಾಪಾಡುತ್ತೇವೆ ಎಂದು ರಷ್ಯಾ ಅದರಲ್ಲಿ ಬರೆದುಕೊಟ್ಟಿತು. ಈ ಸಾಲು ಮುಂದೆ ಬೇಕಾಗುತ್ತದೆ. ಮೇ 9ರಂದು ಸಂಸದ ನಿಕೊಲಾಯೆ ಫ್ಲೇವಾ ಕೇಳಿದ ಪ್ರಶ್ನೆಗೆ ಉತ್ತರವಾಗಿ, ‘ನಾವು ಸ್ವತಂತ್ರರು, ನಮ್ಮ ಕಾಲ ಮೇಲೆ ನಿಂತ ರಾಷ್ಟ್ರ’ ಎಂಬ ಅರ್ಥದ ಮಾತು ಹೇಳಿದರು. ಸುಲ್ತಾನನಿಗೆ ಕೊಡುತ್ತಿದ್ದ 9,14,000 ಲೇಯಿ ಕಪ್ಪವನ್ನು ಸೈನ್ಯದ ಖರ್ಚಿಗೆ ತಿರುಗಿಸಿದರು. ರಾಜಮನೆತನದ ಕಾಲದಲ್ಲಿ ಮೇ 10ನ್ನೇ ಹಬ್ಬವಾಗಿ ಆಚರಿಸುತ್ತಿದ್ದುದರಿಂದ ಎರಡು ತಾರೀಖುಗಳೂ ಬಳಕೆಯಲ್ಲಿ ಕಾಣುತ್ತವೆ.

ಬರ್ಲಿನ್ ಸಮ್ಮೇಳನದಲ್ಲಿ ಸೋತರೇ?

ಅರ್ಧ ಸೋಲು. ಪ್ಲೆವ್ನಾ ಮುತ್ತಿಗೆಯಲ್ಲಿ ರೊಮೇನಿಯಾದ ಸೈನ್ಯ ರಷ್ಯನ್ನರ ಪಕ್ಕದಲ್ಲಿ ಹೋರಾಡಿ ಬಹಳ ಜನರನ್ನು ಕಳೆದುಕೊಂಡಿತ್ತು. ಯುದ್ಧ ಗೆದ್ದ ಮೇಲೆ ರಷ್ಯಾ, 1856ರಲ್ಲಿ ತಾನು ಬಿಟ್ಟುಕೊಟ್ಟಿದ್ದ ದಕ್ಷಿಣ ಬೆಸರಾಬಿಯಾದ ಮೂರು ಜಿಲ್ಲೆಗಳನ್ನು ಮರಳಿ ಕೇಳಿತು. ಏಪ್ರಿಲ್ ಒಪ್ಪಂದಕ್ಕೆ ಬೆಲೆ ಬರಲಿಲ್ಲ. 1878ರ ಜುಲೈ 1ರಂದು ಪ್ರಧಾನಿ ಬ್ರತಿಯಾನು ಮತ್ತು ಕೊಗಲ್ನಿಚಾನು ಸಮ್ಮೇಳನದ ಮುಂದೆ ವಾದ ಮಂಡಿಸಿದರು. ಮಹಾಶಕ್ತಿಗಳು ಕೇಳಿಸಿಕೊಂಡವು, ತೀರ್ಮಾನ ಬದಲಿಸಲಿಲ್ಲ. ಬೆಸರಾಬಿಯಾ ಹೋಯಿತು. ಉತ್ತರ ದೊಬ್ರುಜಾ ಮತ್ತು ಡ್ಯಾನ್ಯೂಬ್ ಮುಖಜಭೂಮಿ ಸಿಕ್ಕಿದವು. ದೊಬ್ರುಜಾ ಬೇಡವೆಂದು ಬುಕರೆಸ್ಟಿನಲ್ಲಿ ಹಲವರು ಗಲಾಟೆ ಮಾಡಿದಾಗ ಅದನ್ನು ತೆಗೆದುಕೊಳ್ಳಲೇಬೇಕು ಎಂದು ವಾದಿಸಿದವರು ಕೊಗಲ್ನಿಚಾನು. ದೇಶಕ್ಕೆ ಕಪ್ಪು ಸಮುದ್ರದ ಬಂದರು ದಕ್ಕಿದ್ದು ಅಲ್ಲಿಂದಲೇ.

ಯಹೂದಿಗಳ ವಿಷಯದಲ್ಲಿ ಅವರ ನಿಲುವು ಏನಿತ್ತು?

ಹೊಗಳುವ ಜೀವನಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ. 1864ರಲ್ಲಿ ಇವರ ಸರ್ಕಾರ ಸ್ಥಳೀಯ ಯಹೂದಿಗಳಲ್ಲಿ ಕೆಲವು ವರ್ಗದವರಿಗೆ ಊರಿನ ಆಡಳಿತದಲ್ಲಿ ಹಕ್ಕು ಕೊಟ್ಟಿತು. ಅದೇ ವ್ಯಕ್ತಿ 1869ರಲ್ಲಿ ಒಳಾಡಳಿತ ಮಂತ್ರಿಯಾಗಿ, ಹಳ್ಳಿಗಳಲ್ಲಿ ಯಹೂದಿಗಳು ನೆಲೆಸಬಾರದೆಂಬ ಹಳೆಯ ನಿಯಮ ಎತ್ತಿ ಹಿಡಿದು ಅವರನ್ನು ಹೊರಹಾಕುವ ಸುತ್ತೋಲೆ ಕಳಿಸಿದರು. ಪಶ್ಚಿಮದ ಸರ್ಕಾರಗಳು ಪ್ರತಿಭಟಿಸಿದಾಗ, ಇದು ಒಳಗಿನ ವಿಷಯ ಎಂದು ಉತ್ತರಿಸಿದರು. ಬರ್ಲಿನ್ ಒಪ್ಪಂದದ 44ನೇ ವಿಧಿ ಧರ್ಮದ ಆಧಾರದ ಮೇಲೆ ಹಕ್ಕು ನಿರಾಕರಿಸಬಾರದು ಎಂದಿತು. 1879ರಲ್ಲಿ ಸಂವಿಧಾನ ತಿದ್ದಿದರೂ ಪೌರತ್ವಕ್ಕೆ ಒಬ್ಬೊಬ್ಬರೂ ಸಂಸತ್ತಿನ ಒಪ್ಪಿಗೆ ಪಡೆಯಬೇಕಾಯಿತು. ಒಟ್ಟಿಗೆ ಪೌರತ್ವ ಸಿಕ್ಕಿದ್ದು ಯುದ್ಧದಲ್ಲಿ ಹೋರಾಡಿದ 883 ಜನರಿಗೆ. ರೊಮಾ ಜನರ ಬಿಡುಗಡೆಗೆ ಇಪ್ಪತ್ತರ ಹರೆಯದಿಂದ ಬರೆದವರು ಯಹೂದಿಗಳ ಪ್ರಶ್ನೆಯಲ್ಲಿ ತಮ್ಮ ಮತದಾರರನ್ನು ಎದುರಿಸಲಿಲ್ಲ. ಕಾಲವೇ ಹಾಗಿತ್ತು ಎಂದು ಇದನ್ನು ಮುಚ್ಚುವುದು ನಮಗೆ ಸರಿ ಕಾಣುವುದಿಲ್ಲ. ಅವರೇ ಬೇರೆ ಕಡೆ ಕಾಲಕ್ಕಿಂತ ಮುಂದಿದ್ದರು.

ಸುದ್ದಿಯಲ್ಲಿ ಬರುವ ವಾಯುನೆಲೆಗೂ ಅವರಿಗೂ ಸಂಬಂಧ ಇದೆಯೇ?

ಹೆಸರಿನದು ಮಾತ್ರ. ಕಪ್ಪು ಸಮುದ್ರದ ಕೊನ್‌ಸ್ತಾಂತ್ಸಾ ನಗರದ ಹತ್ತಿರದ ಹಳ್ಳಿಗೆ ಅವರ ಹೆಸರಿದೆ. ವಿಮಾನ ನಿಲ್ದಾಣ ಮತ್ತು ನೇಟೊ ಬಳಸುವ ವಾಯುನೆಲೆಗೆ ಹೆಸರು ಬಂದದ್ದು ಹಾಗೆ. ಆಟೊಮನ್ ಕಾಲದಲ್ಲಿ ಆ ಹಳ್ಳಿ ಕರಾಮುರಾತ್. ಅದು ಇರುವುದು ಅವರು ಪಟ್ಟು ಹಿಡಿದು ಉಳಿಸಿಕೊಂಡ ದೊಬ್ರುಜಾದಲ್ಲಿಯೇ.

ಯಾಶ್‌ಗೆ ಹೋದರೆ ಏನೇನು ನೋಡಬಹುದು?

ಅವರು ಬಾಳಿದ ಮನೆ ಈಗ ಸ್ಮಾರಕ ಸಂಗ್ರಹಾಲಯ. ವಿಶ್ವವಿದ್ಯಾಲಯದ ಎದುರಿನ ಪ್ರತಿಮೆ ಇಟಲಿಯ ಶಿಲ್ಪಿ ರಫಾಯೆಲ್ಲೊ ರೊಮಾನೆಲ್ಲಿ ಮಾಡಿದ್ದು, 1911ರದು. ಸಮಾಧಿ ‘ಎತೆರ್ನಿತಾತೆಯಾ’ ಸ್ಮಶಾನದಲ್ಲಿದೆ. ಸಂಗ್ರಹಾಲಯಕ್ಕೆ ಸೋಮವಾರ ಹೋಗಬೇಡಿ, ಯುರೋಪಿನ ಬಹುತೇಕ ಸಂಗ್ರಹಾಲಯಗಳಿಗೆ ಅದು ರಜೆಯ ದಿನ. ಅಲ್ಲಿ ಬರೆದಿಟ್ಟ ದಿನಾಂಕಗಳನ್ನು ಟಿಪ್ಪಣಿ ಮಾಡಿಕೊಳ್ಳುವವರು ಹಳೆಯದೋ ಹೊಸದೋ ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.